ಗಟ್ಟಿ ಹೆಣೆದವನ ಕೆಂಪು ದಾರ

ಬೆಳಗಿನ ಐದೂವರೆ. ಕೃಷ್ಣೆಯ ದಂಡೆಯಲ್ಲಿ ಮರದ ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ ಹೊಸ ಲಾಂಚಿನೊಳಗೆ ಸಾಬಣ್ಣ ಮೊಣಕಾಲೂರಿ ಕೂತಿದ್ದಾನೆ. ಮಂದಿ ಕೂರುವ ಹಲಗೆಗಳ ಕೆಳಗೆ ಆರು ಕಪಾಟು. ಆರಕ್ಕೂ ಬಾಗಿಲು, ಪ್ರತಿ ಬಾಗಿಲಿನ ನಡುವೆ ಮೊಳ ಚೌಕದ ಖಾಲಿ ಕಿಂಡಿ. ಆ ಕಿಂಡಿಗೆ ಬೆತ್ತದ ಜಾಳಿ ಕೂರಿಸುವುದು ಅವನ ಕೆಲಸ. ಲಾಂಚು ಮುಳುಗಿದರೆ ತೊಟ್ಟುಕೊಂಡು ತೇಲಲು ಕೊಡುವ ಬೆಂಡಿನ ಅಂಗಿಗಳನ್ನು ಈ ಕಪಾಟುಗಳಲ್ಲಿ ಇಡುತ್ತಾರೆ. ಗಾಳಿ ಆಡದಿದ್ದರೆ ಒಂದೇ ಮಳೆಗಾಲಕ್ಕೆ ಅವು ಬೂಸಲು ಹಿಡಿಯುತ್ತವೆ. ಅದಕ್ಕೇ ಹಲಗೆಯ ಬಾಗಿಲಲ್ಲ, ಜಾಳಿಯ ಬಾಗಿಲು.

ನಿನ್ನೆ ಸಂಜೆಯಿಂದ ನೆನೆದ ಜಾಳಿಯನ್ನು ಅವನು ನೀರಿನಿಂದ ಎತ್ತಿ ಕೊಡವುತ್ತಾನೆ, ಕಿಂಡಿಯ ಮೇಲೆ ಹಾಸುತ್ತಾನೆ, ಹೆಬ್ಬೆರಳಿನಿಂದ ಅಂಚನ್ನು ಒತ್ತುತ್ತ ಬರುತ್ತಾನೆ. ಆ ಹೆಬ್ಬೆರಳ ಚರ್ಮ ಎತ್ತಿನ ಗೊರಸಿನಷ್ಟು ಗಡುಸು. ಆಮೇಲೆ ದಬ್ಬಣಕ್ಕೆ ಮೇಣ ಹಚ್ಚಿದ ದಾರ ಪೋಣಿಸಿ, ಚೌಕಟ್ಟಿನ ತೂತುಗಳ ಮೂಲಕ ಜಾಳಿಯನ್ನು ಹೊಲಿಯುತ್ತಾನೆ. ಮೊಳೆ ಹೊಡೆಯುವುದಿಲ್ಲ. ಒಂದೇ ಒಂದು ಮೊಳೆಯೂ ಇಲ್ಲ. ಹೊಲಿಗೆ ಮುಗಿದ ಮೇಲೆ ದಾರದ ಕೊನೆಯನ್ನು ಗೇಣುದ್ದ ಹೊರಗೆ ಬಿಟ್ಟು ಅದಕ್ಕೆ ಕೆಂಪು ಬಣ್ಣ ಬಳಿಯುತ್ತಾನೆ.

ದಂಡೆಯ ಕಲ್ಲಿನ ಮೇಲೆ ಕೂತ ಹೆಂಗಸು ಕೂಗುತ್ತಾಳೆ: "ಮುಗೀತೇನೋ ತಮ್ಮಾ? ಹೊತ್ತ ನೆತ್ತಿಗಿ ಬಂತು."

"ಹೊತ್ತ ಇನ್ನೂ ಹುಟ್ಟೇ ಇಲ್ಲ ಯಕ್ಕಾ, ನೆತ್ತಿಗಿ ಹೆಂಗ ಬಂತಬೇ?"

"ನಿನ್ನ ಕೈ ನೋಡಿದ್ರ ಹಂಗ ಅನಸ್ತೈತಿ. ಆಮಿ ಸೈತ ನಿನಗಿಂತ ಚುರುಕ ಇರತೈತಿ."

ಹೆಸರು ಸಕ್ರವ್ವ. ನಿಡೋಣಿಯವಳು, ಐವತ್ತರ ಆಚೆ ಈಚೆ. ಅವಳು ಲಾಂಚು ಹತ್ತಿ, ಬಾಗಿಲಿನ ಮೇಲೆ ಒಂದು ಕೊಡ ನೀರು ಸುರಿಯುತ್ತಾಳೆ. ಬಲಗೈಯಿಂದ ಕೆಂಪು ದಾರ ಹಿಡಿಯುತ್ತಾಳೆ. ಆ ಕೈಯ ಎರಡು ಬೆರಳಿಗೆ ಉಗುರಿಲ್ಲ. ಉಗುರಿರಬೇಕಾದಲ್ಲಿ ನುಣ್ಣನೆಯ ಗಾಯದ ಕಲೆ. ಎಳೆಯುತ್ತಾಳೆ. ಸರ್ರೆಂದು ಸದ್ದಾಗಿ ಹೊಲಿಗೆಯೆಲ್ಲ ಬಿಚ್ಚಿ ಜಾಳಿ ಅವಳ ಕಾಲ ಮೇಲೆ ಬೀಳುತ್ತದೆ.

"ಹ್ಞೂಂ. ಇದು ಪಾಸ," ಎನ್ನುತ್ತಾಳೆ.

ಅವಳು ಬಿಚ್ಚಿದ್ದನ್ನು ಸಾಬಣ್ಣ ಮತ್ತೆ ಹೊಲಿಯಲು ಕೂರುತ್ತಾನೆ. ಪ್ರತಿ ಬಾಗಿಲನ್ನೂ ಅವನು ಎರಡು ಸಲ ಹೊಲಿಯುತ್ತಾನೆ. ಮೊದಲನೆಯದು ಸಕ್ರವ್ವ ಎಳೆಯುವುದಕ್ಕೆ. ಎರಡನೆಯದು ಹೊಳೆಗೆ.

ಇವತ್ತು ಇನ್ನೊಂದು ಪರೀಕ್ಷೆಯೂ ಇದೆ. ಹತ್ತು ಗಂಟೆಗೆ ಸರಕಾರದ ಓವರ್‌ಸೀಯರ ಬರುತ್ತಾರೆ. ಅವರ ಕೈಯಲ್ಲಿನ ನಕಾಶೆಯಲ್ಲಿ, ಬೆತ್ತದ ಜಾಳಿಗೆ ಎರಡು ಬೆರಳಗಲಕ್ಕೊಂದರಂತೆ ಹಿತ್ತಾಳೆ ಮೊಳೆ ಇರಬೇಕು ಎಂದು ಬರೆದಿದೆ. ಇಲ್ಲದಿದ್ದರೆ ಆರೂ ಬಾಗಿಲು ನಾಪಾಸು. ಬೇರೊಬ್ಬನನ್ನು ಕರೆಸಿ ಮೊಳೆ ಹೊಡೆಸುತ್ತಾರೆ, ಮಳೆ ಬೀಳುವುದರೊಳಗೆ ಲಾಂಚು ನೀರಿಗೆ ಇಳಿಯುತ್ತದೆ. ಸಾಬಣ್ಣನಿಗೆ ಕೆಲಸ ಹೋಗುವ ಚಿಂತೆಯಿಲ್ಲ. ಆ ಮೊಳೆಗಳ ಚಿಂತೆ. ಯಾಕೆಂದರೆ ನಕಾಶೆಗೆ ಆ ಸಾಲು ಬಂದದ್ದೇ ಅವನಿಂದ.

ಸಾಬಣ್ಣ ಟಿಕೋಟೆಯವನು. ವಯಸ್ಸು ನಲವತ್ತನಾಲ್ಕು ಎಂದು ಅವನ ಅಂದಾಜು. ಅಪ್ಪ ಭಾಗಪ್ಪ ಊರಿನಲ್ಲಿ ಹಲಗೆ ಬಾರಿಸುತ್ತಿದ್ದ. ಮಗ ಹಲಗೆ ಮುಟ್ಟಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಇಪ್ಪತ್ತು ಕಿಲೋಮೀಟರು ನಡೆದು ವಿಜಾಪುರಕ್ಕೆ ಬಂದು, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಕಾಸಿಮಸಾಬನ ಕುರ್ಚಿ ಅಂಗಡಿ ಸೇರಿದ. ಬೆತ್ತದ ಕೆಲಸ ಕಲಿತದ್ದು ಅಲ್ಲಿ. ಒಂದು ಕುರ್ಚಿಗೆ ಎಪ್ಪತ್ತೆರಡು ತೂತು, ಆರು ಸುತ್ತು ಹೆಣಿಗೆ, ಒಂಬತ್ತು ತಾಸು. ಈ ಜಿಲ್ಲೆಯ ಕಚೇರಿಗಳಲ್ಲಿ ಅವನ ಹೆಣಿಗೆಯ ಮೇಲೆ ಕೂರದ ಸಾಹೇಬರು ಕಡಿಮೆ. ಆದರೆ ಯಾವ ಕಚೇರಿಯಲ್ಲೂ ಅವನಿಗೆ ಕುರ್ಚಿ ಕೊಟ್ಟಿಲ್ಲ.

"ಕೂತ ನೋಡಾಕ ನಮಗ ಯಾರ ಬಿಡ್ತಾರ್ರಿ?" ಎನ್ನುತ್ತಾನೆ. ದೂರು ಹೇಳುವ ದನಿಯಲ್ಲ, ಲೆಕ್ಕ ಹೇಳುವ ದನಿ. "ಅದಕ್ಕ ಬಡದ ನೋಡ್ತೇನಿ. ನಮ್ಮಪ್ಪ ಹಲಗಿ ಕಾಸಿ ಬಡದ ನೋಡತಿದ್ದ. ಹಂಗ. ಸಪ್ಪಳ ಖಣ್ ಅಂದ್ರ ಗಟ್ಟಿ. ದೊಬ್ ಅಂದ್ರ ಬಿಚ್ಚಿ ಮತ್ತ ಹೆಣಿ."

ಕೆಲಸದ ಗುಟ್ಟು ಇಷ್ಟೇ: ಬೆತ್ತವನ್ನು ಹಸಿಯಾಗಿ ಹೆಣೆಯಬೇಕು. ಟಿಕೋಟೆಯ ಬಿಸಿಗಾಳಿಗೆ ಅದು ಸಂಜೆಯೊಳಗೆ ಒಣಗಿ, ಬಿಗಿದು, ಹಲಗೆಯ ಚರ್ಮದಂತಾಗುತ್ತದೆ. ಈ ಸೀಮೆಯಲ್ಲಿ ಬಿಗಿಯೆನ್ನುವುದೇ ಒಳ್ಳೆಯ ಕೆಲಸಕ್ಕೆ ಇನ್ನೊಂದು ಹೆಸರು. ಬಾಗಿಲು ಬಿಗಿಯಾಗಿರಬೇಕು, ಇಲ್ಲದಿದ್ದರೆ ದೂಳು ನುಗ್ಗುತ್ತದೆ. ಜಾಳಿ ಬಿಗಿಯಾಗಿರಬೇಕು, ಇಲ್ಲದಿದ್ದರೆ ಜೋಲುತ್ತದೆ. ಕೂದಲು ನುಸುಳದ ಹಾಗೆ ಬಾಗಿಲು ಕೂರಿಸಿದವನೇ ಬಡಿಗ.

1963ರ ಬೇಸಿಗೆಯಲ್ಲಿ ಒಬ್ಬ ಗುತ್ತಿಗೆದಾರ ಹೊಳೆ ದಾಟಿಸಲು ಲಾಂಚು ತರಿಸಿದ. ಲಾಂಚಿನ ಬರಿಯ ಒಡಲು ಲಾರಿಯ ಮೇಲೆ ಬಂತು. ಒಳಗಿನ ಮರಗೆಲಸ ಬಬಲೇಶ್ವರದ ಬಡಿಗ ರಾಮಲಿಂಗನದು, ಬೆತ್ತ ಸಾಬಣ್ಣನದು. ಬೆಂಡಿನ ಅಂಗಿಗಳನ್ನು ಮೊದಲು ಗೂಟಕ್ಕೆ ತೂಗುಹಾಕುವುದೆಂದು ಮಾತಾಗಿತ್ತು. ಮಂದಿ ತಲೆದಿಂಬು ಮಾಡಿಕೊಳ್ಳಲು ಮನೆಗೆ ಒಯ್ಯುತ್ತಾರೆಂದು ಕಪಾಟು ಮಾಡಿಸಿದರು. ರಾಮಲಿಂಗ ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಆರು ಬಾಗಿಲನ್ನು ಕೂದಲು ನುಸುಳದ ಹಾಗೆ ಕೂರಿಸಿದ. ಸಾಬಣ್ಣ ಅದುವರೆಗೆ ತುಂಬಿದ ಹೊಳೆ ಕಂಡವನಲ್ಲ. ನೀರಿನಲ್ಲಿ ಎಲ್ಲವೂ ಸಡಿಲುತ್ತದೆ ಎಂದು ಅವನ ಎಣಿಕೆ. ಅಂಟು ಕರಗೀತು ಎಂದು ಅಂಟು ಬಿಟ್ಟ. ಎರಡು ಎಳೆಯ ಜಾಗದಲ್ಲಿ ನಾಲ್ಕು ಎಳೆ ಹಾಕಿ ಹೆಣೆದ. ಯಾರೂ ಹೇಳದಿದ್ದರೂ, ತಾನಾಗಿಯೇ, ಎರಡು ಬೆರಳಿಗೊಂದು ಹಿತ್ತಾಳೆ ಮೊಳೆ ಹೊಡೆದ. ನೋಡಲು ಬಂದಿದ್ದ ಅಧಿಕಾರಿ ಮೆಚ್ಚಿ ಅದನ್ನು ಬರೆದುಕೊಂಡು ಹೋದರು. ಮುಂದಿನ ಎಲ್ಲ ಲಾಂಚುಗಳ ನಕಾಶೆಯಲ್ಲಿ ಅದು ಸೇರಿತು.

ಅದೇ ವರ್ಷದ ಶ್ರಾವಣದಲ್ಲಿ ಲಾಂಚು ಮುಳುಗಿತು.

ಇಪ್ಪತ್ತನಾಲ್ಕು ಮಂದಿಯ ಲಾಂಚಿನಲ್ಲಿ ಮೂವತ್ತನಾಲ್ಕು ಮಂದಿಯಿದ್ದರು. ಪ್ರವಾಹದಲ್ಲಿ ತೇಲಿಬಂದ ಮರದ ಬೊಡ್ಡೆ ಬಡಿದು ತಳ ಸೀಳಿತು. ಬದುಕಿ ಉಳಿದವರೆಲ್ಲರೂ ಒಂದು ಮಾತು ಹೇಳುತ್ತಾರೆ: ಲಾಂಚು ತಟ್ಟನೆ ಮುಳುಗಲಿಲ್ಲ. ಕಾಲು ತಾಸು ಹಿಡಿಯಿತು. ಇಪ್ಪತ್ತನಾಲ್ಕು ಬೆಂಡಿನ ಅಂಗಿ ಕಾಲಬುಡದಲ್ಲೇ ಇದ್ದವು, ಜಾಳಿಯೊಳಗಿಂದ ಕಾಣುತ್ತಿದ್ದವು. ಒಂದೂ ಹೊರಗೆ ಬರಲಿಲ್ಲ. ಏಪ್ರಿಲಿನಲ್ಲಿ ಕೂದಲು ನುಸುಳದ ಹಾಗಿದ್ದ ಬಾಗಿಲುಗಳು ಎರಡು ತಿಂಗಳ ಮಳೆಗೆ ಉಬ್ಬಿ ಕಚ್ಚಿಕೊಂಡಿದ್ದವು. ಬಾಗಿಲು ಬರಲಿಲ್ಲವೆಂದು ಜಾಳಿ ಒದ್ದರು. ಒಣ ಬೆತ್ತ ಒದ್ದರೆ ಮುರಿಯುತ್ತದೆ. ಹಸಿ ಬೆತ್ತ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇದು ಬೆತ್ತದ ಕೆಲಸದವರಿಗೆಲ್ಲ ಗೊತ್ತು. ಒಂಬತ್ತು ಮಂದಿ ಸತ್ತರು.

ಸಾಬಣ್ಣನಿಗೆ ಇದಾವುದೂ ಗೊತ್ತಾಗಲಿಲ್ಲ. ಲಾಂಚು ಮುಳುಗಿದ ಸುದ್ದಿ ಟಿಕೋಟೆಗೂ ಬಂತು. ಬಾಗಿಲಿನ ಸುದ್ದಿ ಬರಲಿಲ್ಲ. ವಿಚಾರಣೆಯ ಕಾಗದದಲ್ಲಿ ಮಂದಿ ಹೆಚ್ಚಾಗಿದ್ದದ್ದು, ನೀರಿನ ಸೆಳೆತ, ಮರದ ಬೊಡ್ಡೆ ಎಲ್ಲ ಇತ್ತು. ಕಪಾಟುಗಳ ಬಗ್ಗೆ ಒಂದೇ ಸಾಲು: ಸುಸ್ಥಿತಿಯಲ್ಲಿವೆ. ಇಪ್ಪತ್ತೆರಡು ದಿನದ ಮೇಲೆ ನೀರು ಇಳಿದಾಗ ಗುತ್ತಿಗೆದಾರ ಆರೂ ಬಾಗಿಲನ್ನು ಬಿಚ್ಚಿಸಿ, ತೊಳೆದು ಎಣ್ಣೆ ಹಚ್ಚಿ ಇಟ್ಟಿರು, ಇನ್ನೊಂದು ಲಾಂಚಿಗೆ ಆಗುತ್ತವೆ ಎಂದು ಹೇಳಿ ಕಾಸಿಮಸಾಬನ ಅಂಗಡಿಗೆ ಕಳಿಸಿದ. ಕಟ್ಟು ಬಿಚ್ಚಿದವನು ಸಾಬಣ್ಣ. ತೂತುಗಳಲ್ಲಿ ಹೊಳೆಯ ಕೆಸರು ತುಂಬಿತ್ತು. ತೊಳೆದು ಬೆರಳಿನಿಂದ ಬಡಿದು ನೋಡಿದ. ಖಣ್ ಅಂದಿತು.

"ಸುಳ್ಳ ಯಾಕ ಹೇಳಲಿ," ಎನ್ನುತ್ತಾನೆ ಸಾಬಣ್ಣ, ಹೊಲಿಯುವ ಕೈ ನಿಲ್ಲಿಸದೆ. "ಖುಷಿ ಆತ್ರಿ ನನಗ. ಒಂದ ಎಳಿ ಹರದಿರಲಿಲ್ಲ. ಒಂದ ಮೊಳಿ ಎದ್ದಿರಲಿಲ್ಲ. ಮನಿಗಿ ಹೋಗಿ ಹೇಂತಿ ಮುಂದ ಹೇಳಿದೆ. ಅಂಥಾ ಹೊಳ್ಯಾಗ ಮುಳುಗಿದ್ರೂ ನನ್ನ ಕೆಲಸ ನಿಂತೈತಿ ಅಂತ. ಅವತ್ತ ಎರಡ ರೊಟ್ಟಿ ಜಾಸ್ತಿ ಉಂಡೇನಿ."

ಕಾಸಿಮಸಾಬನಿಗೂ ಹೆಮ್ಮೆ. ಆರರಲ್ಲಿ ಒಂದನ್ನು ಅಂಗಡಿಯ ಮುಂದೆ ತೂಗುಹಾಕಿದ. ಗಿರಾಕಿ ಬಂದರೆ ಅದರ ಮೇಲೆ ಗುದ್ದಿ ತೋರಿಸುತ್ತಿದ್ದ: "ನೋಡ್ರಿ, ಇಪ್ಪತ್ತೆರಡು ದಿನಾ ಕೃಷ್ಣಾದಾಗಿತ್ತು. ನಿಮ್ಮ ಬೀಗರು ಎಷ್ಟ ದಪ್ಪ ಇದ್ರೂ ನಮ್ಮ ಕುರ್ಚಿಗೆ ಏನೂ ಆಗೂದಿಲ್ಲ." ಮಂದಿ ನಗುತ್ತಿದ್ದರು. ಆ ತಿಂಗಳು ಹನ್ನೊಂದು ಕುರ್ಚಿ ಮಾರಾಟವಾದವು.

ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ, ಕಚೇರಿಗೆ ಗಂಡನ ಸಾವಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದ ಒಬ್ಬ ಹೆಂಗಸು ಗಾಂಧಿ ಚೌಕದಿಂದ ಆ ಓಣಿಗೆ ಹೊರಳಿದಳು. ಕಾಸಿಮಸಾಬ ಯಾರಿಗೋ ಅದೇ ಮಾತು ಹೇಳುತ್ತಿದ್ದ. ಅವಳು ನಿಂತು ಕೇಳಿದಳು. ಬಾಗಿಲ ಹತ್ತಿರ ಬಂದು ಜಾಳಿಯ ತೂತುಗಳಲ್ಲಿ ಬೆರಳು ಇಟ್ಟಳು. ಬಟ್ಟೆ ಸುತ್ತಿದ ಎರಡು ಬೆರಳು. ಜಾಳಿಯ ಬಲ ಅಂಚಿನಲ್ಲಿ ನಾಲ್ಕಾರು ಗೀರುಗಳಿದ್ದವು. ಸಾಬಣ್ಣ ಅವನ್ನು ಮೊದಲೇ ಕಂಡಿದ್ದ, ಕಲ್ಲು ತಾಗಿದ್ದೆಂದು ತಿಳಿದಿದ್ದ. ಅವಳು ಒಂದೊಂದೇ ಬೆರಳನ್ನು ಒಂದೊಂದೇ ಗೀರಿನ ಮೇಲೆ ಇಟ್ಟಳು. ಕೂತವು.

"ಇವು ನನ್ನ ಉಗುರು," ಎಂದಳು.

ಕಾಸಿಮಸಾಬನ ಎತ್ತಿದ ಮುಷ್ಟಿ ಎತ್ತಿದಲ್ಲೇ ಉಳಿಯಿತು.

"ಯಾರ ಹೆಣದವರು ಇದನ್ನ?"

ಸಾಬಣ್ಣ ಎದ್ದು ನಿಂತ. "ನಾನ ಬೇ."

ಬೈಯುತ್ತಾಳೆ, ಉಗುಳುತ್ತಾಳೆ ಎಂದುಕೊಂಡ. ಅವಳು ಅವನ ಕೈ ನೋಡಿದಳು, ಮುಖ ನೋಡಿದಳು. "ಭಾಳ ಗಟ್ಟಿ ಹೆಣದಿಯೋ ತಮ್ಮಾ," ಎಂದಳು. ಹೊರಟುಹೋದಳು.

ಅವಳೇ ಸಕ್ರವ್ವ. ಗಂಡ ಸಿದ್ದರಾಯ ಅವಳ ಪಕ್ಕದಲ್ಲೇ ನಿಂತು ಆ ಜಾಳಿಯನ್ನು ಒದೆಯುತ್ತಿದ್ದವನು.

ಕಾಸಿಮಸಾಬ ತೂಗುಹಾಕಿದ್ದ ಬಾಗಿಲು ಇಳಿಸಿದ. ಅವತ್ತು ಅಂಗಡಿ ಮುಚ್ಚಿ ಹೋದವನು ಎರಡು ದಿನ ತೆಗೆಯಲಿಲ್ಲ. ಸಾಬಣ್ಣ ಆರು ತಿಂಗಳು ಬೆತ್ತ ಮುಟ್ಟಲಿಲ್ಲ. ರಸ್ತೆಗೆ ಜಲ್ಲಿ ಒಡೆದ. ಇಪ್ಪತ್ತೇಳು ವರ್ಷ ಯಾವ ಮಾತು ಕೇಳಲು ಕೆಲಸ ಮಾಡಿದ್ದನೋ ಅದೇ ಮಾತು ಅವನನ್ನು ಹೊಡೆದು ಕೆಡವಿತ್ತು.

"ಬೈದಿದ್ರ ತಡಕೋತಿದ್ದೆ," ಎನ್ನುತ್ತಾನೆ. "ಹೊಗಳಿದ ಮಾತ್ರಿ ಅದು. ಎಲ್ಲಾರೂ ಅಂತಿದ್ರಲ್ಲ, ಅದ ಮಾತು. ಎಲ್ಲಿ ಇಟಗೊಳ್ಳಲಿ ಅದನ್ನ?"

ಉಪಾಯ ತೋರಿಸಿದ್ದು ಹೆಂಡತಿ ಪರಸವ್ವ. ಅವಳು ವಿಜಾಪುರದ ಧಾನ್ಯದ ಪೇಟೆಯಲ್ಲಿ ಜೋಳದ ಚೀಲಗಳ ಬಾಯಿ ಹೊಲಿಯುವವಳು, ದಿನಕ್ಕೆ ನೂರಿಪ್ಪತ್ತು ಚೀಲ. ಚೀಲವನ್ನು ಲಾರಿಯಿಂದ ಎಸೆದರೂ ಆ ಹೊಲಿಗೆ ಬಿಡುವುದಿಲ್ಲ. ದಾರದ ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಉಸಿರಿಗೆ ಪೂರ್ತಿ ಬಿಚ್ಚುತ್ತದೆ. ಒಂದು ದಿನ ಗಂಡ ರೊಟ್ಟಿ ಮುರಿಯದೆ ಗೋಡೆ ನೋಡುತ್ತ ಕೂತಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ಗಟ್ಟಿ ಹೆಣದೆ ಗಟ್ಟಿ ಹೆಣದೆ ಅಂತ ಎಷ್ಟ ದಿನಾ ಅಳತಿ? ಚೀಲದ ಬಾಯಿ ಗಟ್ಟಿ ಇರೂದಿಲ್ಲೇನು? ಬಿಚ್ಚಾಕ ಬರೂದಿಲ್ಲೇನು? ಮೊಳಿ ಹೊಡಿಯೂದ ಬಿಡು, ಚೀಲ ಹೊಲದಂಗ ಹೊಲಿ."

"ಬೆತ್ತದ ಕೆಲಸ ನಿನಗೇನ ಗೊತ್ತಬೇ?"

"ನಿನಗ ಗೊತ್ತಿತ್ತಲ್ಲ. ಏನಾತು?"

ಸಾಬಣ್ಣ ಮರುದಿನವೇ ದಾರ ತಂದ. ಹೊಲಿದು ನೋಡಿದ. ಮೊದಲ ದಾರ ನೀರಿನಲ್ಲಿ ಉಬ್ಬಿ ಗಂಟಾಯಿತು. ಮೇಣ ಹಚ್ಚಿದ. ಗಂಟಾಗಲಿಲ್ಲ. ಚೌಕಟ್ಟನ್ನು ಪಂಚೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ನಿಡೋಣಿಗೆ ನಡೆದ. ಸಕ್ರವ್ವ ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. "ನೀ ಇಲ್ಲಿಗ್ಯಾಕ ಬಂದಿ?" ಎಂದಳು. "ಎಳದ ನೋಡ ಯಕ್ಕಾ," ಎಂದು ದಾರ ತೋರಿಸಿದ. ಅವಳು ಬಾಗಿಲನ್ನು ಎಮ್ಮೆಯ ಬಾನಿಯಲ್ಲಿ ಮುಳುಗಿಸಿ, ನೀರಿನೊಳಗೇ ಕೈ ಇಟ್ಟು ಎಳೆದಳು. ಬಿಚ್ಚಿತು. ಅವನು ಹೋಗಲು ಎದ್ದ.

"ಎಲ್ಲಿ ಹೊಂಟಿ? ಮತ್ತ ಹೊಲಿ," ಎಂದಳು.

ಹೊಲಿದ. ಎಳೆದಳು. ಮತ್ತೆ ಹೊಲಿಸಿದಳು. ಕಣ್ಣು ಮುಚ್ಚಿ ಎಳೆದಳು. ಎಡಗೈಯಿಂದ ಎಳೆದಳು. ಹೊತ್ತು ಮುಳುಗುವವರೆಗೆ ಹನ್ನೊಂದು ಸಲ. ಹನ್ನೊಂದನೆಯ ಸಲ ಬಿಚ್ಚಿ ಬಿದ್ದ ಜಾಳಿಯನ್ನು ನೋಡುತ್ತ ಕೂತಳು. "ಇಷ್ಟ ಇತ್ತೇನೋ ಕೆಲಸ? ಇಷ್ಟ?" ಎಂದಳು. ಅಂದಿನಿಂದ ಅವಳ ಬೆರಳಿಗೆ ಬಿಚ್ಚದ ಬಾಗಿಲನ್ನು ಸಾಬಣ್ಣ ಯಾರಿಗೂ ಕೊಟ್ಟಿಲ್ಲ. ಈ ಎರಡು ವರ್ಷದಲ್ಲಿ ಎರಡು ಲಾಂಚಿಗೆ ಹನ್ನೆರಡು ಬಾಗಿಲು. ಆಗ ನೋಡಲು ಬಂದವರು ಬಗ್ಗಿ ಹಲಗೆಯ ಕೆಳಗೆ ನೋಡಿರಲಿಲ್ಲ.

ಇವತ್ತು ಬಂದ ಓವರ್‌ಸೀಯರ ಬಗ್ಗಿ ನೋಡುತ್ತಾರೆ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ನಕಾಶೆ. ಬಡಿಗ ರಾಮಲಿಂಗ ಬಾಗಿಲು ತೆರೆದು ಮುಚ್ಚಿ ತೋರಿಸುತ್ತಾನೆ. ಈಗ ಅವನ ಬಾಗಿಲುಗಳ ಸುತ್ತ ಒಂದು ನಾಣ್ಯ ನುಸುಳುವಷ್ಟು ಸಂದಿ. "ನಮ್ಮಪ್ಪ ಇದನ್ನ ನೋಡಿದ್ರ ನನ್ನ ಉಳಿ ಕಸಗೊಂಡು ಹೊರಗ ಹಾಕತಿದ್ದ," ಎಂದು ಗೊಣಗುತ್ತಾನೆ.

"ಮೊಳೆ ಎಲ್ಲಿ?" ಎಂದು ಓವರ್‌ಸೀಯರ ಕೇಳುತ್ತಾರೆ.

"ಇಲ್ರಿ ಸಾಹೇಬ್ರ. ಹೊಲದೇನಿ," ಎನ್ನುತ್ತಾನೆ ಸಾಬಣ್ಣ.

"ಈ ಕೆಂಪು ದಾರ ಏನು, ಜೋತಬಿದ್ದೈತಿ? ಹುಡುಗರು ಎಳದ ಕಿತ್ತಹಾಕ್ತಾವ. ನಕಾಶೆದಾಗ ಇಲ್ಲ ಇದು. ಮೊಳೆ ಹೊಡೀರಿ, ಮಧ್ಯಾಹ್ನ ಬಂದ ನೋಡ್ತೇನಿ."

ಸಾಬಣ್ಣ ಮೂವತ್ತು ವರ್ಷದಲ್ಲಿ ಯಾವ ಸಾಹೇಬರಿಗೂ ಇಲ್ಲ ಎಂದವನಲ್ಲ. ಚೀಲದಿಂದ ಸುತ್ತಿಗೆ ತೆಗೆಯುತ್ತಾನೆ. ಹಿಡಿಕೆಯನ್ನು ಅವರ ಕಡೆ ಮಾಡಿ ಚಾಚುತ್ತಾನೆ.

"ನೀವ ಹೊಡೀರಿ ಸಾಹೇಬ್ರ. ನನ್ನ ಕೈಲೆ ಆಗೂದಿಲ್ಲ."

ಓವರ್‌ಸೀಯರರ ಮುಖ ಕೆಂಪಾಗುತ್ತದೆ. ಅವರು ಬಾಯಿ ತೆರೆಯುವ ಮೊದಲೇ ಸಕ್ರವ್ವ ದಂಡೆಯಿಂದ ಗೋಣಿಯಲ್ಲಿ ಸುತ್ತಿದ ಒಂದು ಹಳೆಯ ಬಾಗಿಲನ್ನು ತಂದು ಅವರ ಮುಂದೆ ಕಂಬಕ್ಕೆ ಆನಿಸಿ ನಿಲ್ಲಿಸುತ್ತಾಳೆ. ಹಿತ್ತಾಳೆ ಮೊಳೆಯ ಬಾಗಿಲು. ಅಂಗಡಿಯ ಮುಂದೆ ತೂಗಾಡುತ್ತಿದ್ದದ್ದು. ಸಾಬಣ್ಣ ಹೋದಲ್ಲೆಲ್ಲ ಅದನ್ನು ಹೊತ್ತೊಯ್ಯುತ್ತಾನೆ. ಅವಳು ಕೊಡದ ನೀರನ್ನು ಅದರ ಮೇಲೆ ಸುರಿಯುತ್ತಾಳೆ.

"ಒದೀರಿ ಯಪ್ಪಾ," ಎನ್ನುತ್ತಾಳೆ.

"ಏನು?"

"ಮೊಳಿ ಹೊಡದ ಬಾಗಲಾ ರೀ ಇದು. ನಿಮ್ಮ ನಕಾಶೆದಾಗಿಂದ. ಬೂಟ ಹಾಕ್ಕೊಂಡೀರಿ, ಹರೇದಾವ್ರದೀರಿ. ಒದ್ದ ಹರೀರಿ ನೋಡೂಣು."

ಲಾಂಚಿನ ಕೆಲಸದವರು ನೋಡುತ್ತಿದ್ದಾರೆ. ಓವರ್‌ಸೀಯರ ನಕ್ಕು ಒಂದು ಸಲ ಒದೆಯುತ್ತಾರೆ. ಜಾಳಿ ಒಳಗೆ ಬಾಗಿ ಮತ್ತೆ ಹೊರಗೆ ಬರುತ್ತದೆ. ಇನ್ನೊಂದು ಸಲ. ಮೂರನೆಯದಕ್ಕೆ ನಗು ಹೋಗುತ್ತದೆ. ಐದನೆಯದಕ್ಕೆ ನಕಾಶೆ ಕೆಳಗಿಟ್ಟು ಎರಡೂ ಕೈಯಿಂದ ಕಂಬ ಹಿಡಿದು ಒದೆಯುತ್ತಾರೆ. ಬೆವರು ಇಳಿಯುತ್ತದೆ. ಎಂಟು, ಒಂಬತ್ತು. ಒಂದು ಎಳೆಯೂ ಹರಿಯುವುದಿಲ್ಲ.

"ನನ್ನ ಗಂಡ ನಿಮಗಿಂತ ಗಟ್ಟಿ ಇದ್ದಾ," ಎನ್ನುತ್ತಾಳೆ ಸಕ್ರವ್ವ. ಅಳುತ್ತಿಲ್ಲ. ಹೊಸ ಬಾಗಿಲಿನತ್ತ ಬಗ್ಗಿ ಉಗುರಿಲ್ಲದ ಎರಡು ಬೆರಳಿನಿಂದ ಕೆಂಪು ದಾರ ಹಿಡಿದು ಎಳೆಯುತ್ತಾಳೆ. ಸರ್ರ್.

ಓವರ್‌ಸೀಯರ ಬಿದ್ದ ಜಾಳಿಯನ್ನು ನೋಡುತ್ತಾರೆ. ಅವಳ ಬೆರಳು ನೋಡುತ್ತಾರೆ. ಹಳೆಯ ಬಾಗಿಲಿನ ಅಂಚಿನ ಗೀರುಗಳನ್ನು ಈಗ ಕಾಣುತ್ತಾರೆ.

"ಅವತ್ತ ನೀನು ಆ ಲಾಂಚಿನಾಗ ಇದ್ದಿಯೇನವಾ?"

"ಇದ್ದೆ."

ಅವರು ಕೂತುಕೊಳ್ಳುತ್ತಾರೆ. ಆಮೇಲೆ ನಕಾಶೆ ಎತ್ತಿಕೊಂಡು, ಹಿತ್ತಾಳೆ ಮೊಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಎರಡು ಪದ ಬರೆದು ಸಹಿ ಹಾಕುತ್ತಾರೆ: ಮೊಳೆ ಬೇಡ. ಜೀಪು ಹತ್ತುವಾಗ ಕುಂಟುತ್ತಾರೆ.

ಸಾಬಣ್ಣ ಆಗಲೇ ದಬ್ಬಣ ಎತ್ತಿಕೊಂಡಿದ್ದಾನೆ, ಬಿಚ್ಚಿದ ಬಾಗಿಲನ್ನು ಮತ್ತೆ ಹೊಲಿಯಬೇಕು. ಹುಡುಗರು ದಾರ ಎಳೆಯುತ್ತಾರೆಂದು ಸಾಹೇಬರು ಹೇಳಿದ್ದು ಸುಳ್ಳಲ್ಲ. ಹೋದ ವರ್ಷ ಎರಡು ಲಾಂಚುಗಳಲ್ಲಿ ಏಳು ಸಲ ಎಳೆದಿದ್ದಾರೆ. ಏಳು ಸಲವೂ ಟಿಕೋಟೆಯಿಂದ ಬಂದು ಹೊಲಿದುಹೋಗಿದ್ದಾನೆ. ಬೇಸರವಾಗುವುದಿಲ್ಲವೇ ಎಂದು ರಾಮಲಿಂಗ ಕೇಳಿದರೆ ತಲೆ ಎತ್ತದೆ ಹೇಳುತ್ತಾನೆ:

"ಆಟಕ್ಕ ಎಳೀಲಿ ಬಿಡೋ. ದಿನಾ ಎಳೀಲಿ, ಸಾವಿರ ಸಲ ಎಳೀಲಿ. ಬಂದ ಹೊಲಿತೇನಿ. ಲಾಂಚ ಮುಳುಗತೈತಂತ ಮಾತ್ರ ಒಮ್ಮೀನೂ ಎಳಿಯೂ ಹೊತ್ತ ಬರಬಾರ್ದು."